ಬೀಗ ತೆಗೆದ ಬೀರು

ಬೇಸಗೆಯ ರಜ ಬಂದಿತೆಂದರೆ ಮಕ್ಕಳಿರುವ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ: ಇವರನ್ನು ಎಲ್ಲಿಗೆ ಕರೆದುಕೊಂಡು ಹೋಗೋಣ, ಇವರ ಕೈಗೆ ಏನು ಕೊಡೋಣ? ಈ ಪ್ರಶ್ನೆಯ ಭಾರವನ್ನು ಗೃಹಿಣಿಯರು ಚೆನ್ನಾಗಿ ಬಲ್ಲರು. ಈ ಸಲದ ರಜದಲ್ಲಿ ಒಂಬತ್ತು ವರ್ಷದ ಮೊಮ್ಮಗಳು ನಮ್ಮ ಮನೆಗೆ ಬಂದಳು. ಬಂದ ಮೊದಲನೆಯ ವಾರವೆಲ್ಲ ಅವಳ ಮುಖವೇ ನಮಗೆ ಸರಿಯಾಗಿ ಕಾಣಲಿಲ್ಲ. ಮೊಬೈಲು ಫೋನಿನ ಮೇಲೆ ಬಾಗಿದ ತಲೆಯ ಬೈತಲೆಯೊಂದೇ ಕಾಣುತ್ತಿದ್ದಿತು. ನಮ್ಮ ನಡುಮನೆಯಲ್ಲಿ ಗಾಜಿನ ಬಾಗಿಲಿನ ದೊಡ್ಡದೊಂದು ಪುಸ್ತಕದ ಬೀರು ಉಂಟು. ನಲವತ್ತು ವರ್ಷಗಳಿಂದ ಕೂಡಿಸಿದ ಪುಸ್ತಕಗಳು ಅದರಲ್ಲಿವೆ. ಅವುಗಳಲ್ಲಿ ಯಾವುದನ್ನಾದರೂ ಓದಬಾರದೆ ಎಂದು ಕೇಳಿದುದಕ್ಕೆ ಮಗು ತಲೆಯನ್ನೆತ್ತದೆಯೇ, "ಅದಕ್ಕೆ ಬೀಗ ಹಾಕಿದೆಯಲ್ಲ, ತಾತ" ಎಂದಳು.

ಮಾತು ನಿಜವಾಗಿದ್ದಿತು. ಮಕ್ಕಳ ಕೈಗೆ ಸಿಕ್ಕಿ ಪುಸ್ತಕಗಳು ಹಾಳಾದಾವೆಂದು ಬೀಗ ಹಾಕಿದವರು ನಾವೇ. ನಾಳೆ ತೆಗೆದುಕೊಡುತ್ತೇವೆಂದು ಹೇಳಿದೆವು. ಆ ನಾಳೆ ಬರುವುದಕ್ಕೆ ಮೊದಲು ಒಂದು ಪ್ರಯಾಣ ಬಂದಿತು. ಆ ಪ್ರಯಾಣದ ವೃತ್ತಾಂತವನ್ನೇ ಈಗ ವಾಚಕರ ಮುಂದೆ ಇಡುತ್ತಿದ್ದೇವೆ.

ಪ್ರಯಾಣಕ್ಕೆ ಕಾರಣವಾದುದು ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಕಳೆದ ಒಂದು ಸಂಜೆ. 1870ರಲ್ಲಿ ಸ್ಯಾಂಕಿಯವರ ಯೋಜನೆಯಿಂದ ಏರ್ಪಟ್ಟ ಆ ವಿಶಾಲವಾದ ತೋಪಿನ ನಡುವೆ, ಗುಲಾಬಿಯ ಮಡಿಗಳ ಹಿಂದೆ, ಕೆಂಬಣ್ಣದ ಗಂಭೀರವಾದ ಭವನವೊಂದು ನಿಂತಿದೆ. ಅದು ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, 1915ರಲ್ಲಿ ಕಟ್ಟಿದುದು. ರಾಜ್ಯ ಕೇಂದ್ರ ಗ್ರಂಥಾಲಯವು ಅಲ್ಲಿಯೇ ಇರುವುದು. ಒಳಗೆ ಎತ್ತರವಾದ ಚಾವಣಿ, ಸಾಲುಸಾಲಾದ ಕಪಾಟುಗಳು, ಉದ್ದವಾದ ಮೇಜುಗಳು. ಪರೀಕ್ಷೆಗಳಿಗೆ ಸಿದ್ಧರಾಗುತ್ತಿದ್ದ ತರುಣ ತರುಣಿಯರು ತಲೆಬಾಗಿ ಓದುತ್ತಿದ್ದರು. ಮೊಮ್ಮಗಳು ನಾಲ್ಕು ಹೆಜ್ಜೆ ಒಳಗಿಟ್ಟು, ನಮ್ಮ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, "ಇಲ್ಲಿ ಮಾತಾಡಬಹುದೆ?" ಎಂದು ಪಿಸುಗುಟ್ಟಿದಳು. ಆ ಉದ್ಯಾನದೊಳಗೆ ಮಕ್ಕಳಿಗೆಂದೇ ಇಂದಿರಾ ಪ್ರಿಯದರ್ಶಿನಿ ಗ್ರಂಥಾಲಯವೂ ಉಂಟು. ಆದರೆ ಅಂದು ಹೊತ್ತು ಮೀರಿದ್ದುದರಿಂದ ಅಲ್ಲಿಗೆ ಹೋಗಲಾಗಲಿಲ್ಲ.

ಅವಳ ಪಿಸುಮಾತು ನಮ್ಮ ಮನಸ್ಸನ್ನು ಬಹಳ ಹಿಂದಕ್ಕೆ ಕೊಂಡೊಯ್ದಿತು. ನಾವು ಹತ್ತು ವರ್ಷದವರಾಗಿದ್ದಾಗ ನಮ್ಮ ಊರಿನ ವಾಚನಾಲಯದ ಹೊಸ್ತಿಲನ್ನು ಒಮ್ಮೆ ದಾಟಿದ್ದೆವು. ಗಾಜಿನ ಹಿಂದೆ ಬಣ್ಣದ ಹೊದಿಕೆಯ ಪುಸ್ತಕವೊಂದು ಕಾಣುತ್ತಿದ್ದಿತು. ಹೊದಿಕೆಯ ಮೇಲೆ ಹಾಯಿ ಬಿಚ್ಚಿದ ಹಡಗು. ಗಾಜಿಗೆ ಮೂಗನ್ನೊತ್ತಿ ನೋಡುತ್ತಿದ್ದ ನಮ್ಮನ್ನು ಅಲ್ಲಿಯ ಅಧಿಕಾರಿಯು ಕಂಡು, ಪಾಠದ ಪುಸ್ತಕ ಓದಿ ಮುಗಿಯಿತೇನೋ ಎಂದು ಗದರಿಸಿ, ಕಿವಿ ಹಿಡಿದು ಹೊರಕ್ಕೆ ಬಿಟ್ಟನು. ಆ ಹಡಗು ಯಾವ ದೇಶಕ್ಕೆ ಹೋಯಿತೋ ನಮಗೆ ಇಂದಿಗೂ ತಿಳಿಯದು.

ಹೊರಗೆ ಬಂದ ಮೇಲೆ ಮಗುವಿಗೆ ಮಾತು ಬಂದಿತು. ಭವನದ ಮುಂದಿರುವ ಪ್ರತಿಮೆ ಯಾರದೆಂದು ಕೇಳಿದಳು. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರದೆಂದೂ, ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ಪಡೆಯುವ ಕೆಲಸವು ಅವರ ಕಾಲದಲ್ಲಿಯೇ ಆರಂಭವಾಯಿತೆಂದೂ ಹೇಳಿದೆವು. 1902ರಲ್ಲಿ ಆ ವಿದ್ಯುತ್ತು ಸುಮಾರು 92 ಮೈಲಿ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಹೊತ್ತಿದುವು. ಆದರೆ ದಿವಾನರು 1901ರಲ್ಲಿಯೇ ತೀರಿಕೊಂಡರು. "ಹಾಗಾದರೆ ಅವರು ದೀಪವನ್ನು ನೋಡಲೇ ಇಲ್ಲವೆ?" ಎಂದು ಮಗು ಮರುಗಿತು. ಆಮೇಲೆ, ಆ ಬೆಳಕು ಹುಟ್ಟಿದ ಸ್ಥಳವನ್ನು ತಾನು ನೋಡಲೇಬೇಕೆಂದು ಹಟ ಹಿಡಿಯಿತು. ನಮ್ಮ ಮನೆಯವರ ತವರು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಶಿವನಸಮುದ್ರ ಅಲ್ಲಿಗೆ ದೂರವಲ್ಲ. ತವರಿನ ಹೆಸರು ಕೇಳಿದೊಡನೆ ಮನೆಯವರು ಮಗುವಿನ ಪಕ್ಷವನ್ನು ಸೇರಿದರು. ಎರಡು ಮತಗಳ ಮುಂದೆ ನಮ್ಮದು ಒಂದು ಮತ. ಮೂರನೆಯ ದಿನ ಬೆಳಗ್ಗೆ ಹೊರಟೆವು.

ಕನಕಪುರದ ದಾರಿಯಲ್ಲಿ ಸಾತನೂರನ್ನು ದಾಟಿದ ಮೇಲೆ ಹಲಗೂರು ಬರುತ್ತದೆ. ಬಸ್ಸು ಅಲ್ಲಿ ನಿಂತಾಗ ಮನೆಯವರು ಮೊಮ್ಮಗಳಿಗೆ ಆ ಊರಿನ ಕಥೆಯನ್ನು ಹೇಳಿದರು. ಮಂಟೇಸ್ವಾಮಿಯ ಶಿಷ್ಯನಾದ ಸಿದ್ದಪ್ಪಾಜಿಯು ಕಬ್ಬಿಣದ ಭಿಕ್ಷೆಯನ್ನು ಬೇಡಲು ಈ ಹಲಗೂರಿಗೆ ಬಂದನೆಂದೂ, ಇಲ್ಲಿಯ ಪಾಂಚಾಳರು ಇಲ್ಲವೆಂದು ಹೇಳಿ ಅವನನ್ನು ಪರಿಪರಿಯಾಗಿ ಪರೀಕ್ಷಿಸಿದರೆಂದೂ ನೀಲಗಾರರು ರಾತ್ರಿಯೆಲ್ಲ ಕುಳಿತು ಹಾಡುತ್ತಾರೆ. ಮಗು ಕಿಟಕಿಯಿಂದ ಹೊರಗೆ ನೋಡಿ, ಅಂಗಡಿಗಳನ್ನೂ ಮೋಟಾರುಗಳನ್ನೂ ಕಂಡು, "ಕಬ್ಬಿಣ ಎಲ್ಲಿದೆ?" ಎಂದಳು. ಅವಳಿಗೆ ಅಂದು ಎಲ್ಲವೂ ಕಣ್ಣಿಗೆ ಕಾಣಬೇಕಾಗಿದ್ದಿತು.

ಕಾಣಲಿಲ್ಲ. ಮರುದಿನ ಗಗನಚುಕ್ಕಿಗೆ ಹೋದರೆ ಬೇಸಗೆಯ ಕಾವೇರಿಯು ಬಂಡೆಗಳ ಮೇಲೆ ಸಣ್ಣ ಎಳೆಗಳಾಗಿ ಇಳಿಯುತ್ತಿದ್ದಳು. ಕಣಿವೆಯ ಕೆಳಗೆ ವಿದ್ಯುದಾಗಾರವನ್ನು ದೂರದಿಂದ ತೋರಿಸಿದೆವು. "ಬೆಳಕೆಲ್ಲಿ?" ಎಂದು ಮಗು ಕೇಳಿತು. ತಂತಿಯೊಳಗೆ ಹರಿಯುವುದು ಕಣ್ಣಿಗೆ ಕಾಣುವುದಿಲ್ಲವೆಂದು ವಿವರಿಸಿದೆವು, ಅವಳಿಗೆ ಸಮಾಧಾನವಾಗಲಿಲ್ಲ. ಮುಖವನ್ನು ಸಣ್ಣಗೆ ಮಾಡಿಕೊಂಡೇ ಹಳ್ಳಿಗೆ ಹಿಂದಿರುಗಿದಳು. ಬೇಸರದ ಮದ್ದಾಗಿ ಮೊಬೈಲು ಫೋನು ಮತ್ತೆ ಕೈಗೆ ಬಂದಿತು. ಭಾವನವರ ಮನೆಯ ಗೋಡೆಗಳು ದಪ್ಪವಾದುವು. ಪುಣ್ಯಕ್ಕೆ ಅಲ್ಲಿ ಅದಕ್ಕೆ ಸಂಕೇತ ಸಿಕ್ಕುತ್ತಿರಲಿಲ್ಲ.

ಆ ಮಧ್ಯಾಹ್ನ ಊಟವಾದ ಮೇಲೆ, ಪಂಚಾಯತಿ ಕಚೇರಿಯ ಕಡೆಯಿಂದ ಜೇನುಗೂಡಿನದರಂತೆ ಗುಂಯ್ ಎನ್ನುವ ಸದ್ದು ಕೇಳಿಬಂದಿತು. ಏನೆಂದು ಕೇಳಿದೆವು. ಭಾವನವರು ಅಸಮಾಧಾನದಿಂದ, "ನಮ್ಮೂರ ಲೈಬ್ರರಿ. ಮೊದಲೆಲ್ಲ ಪೇಪರು ಓದೋ ಜಾಗ ಆಗಿತ್ತು. ಈಗ ಹುಡುಗರು ಅಲ್ಲಿ ಚೌಕಾಬಾರ ಆಡ್ತಾರೆ. ಪುಸ್ತಕದ ಮನೇಲಿ ಆಟ ಏನು ಅಂತ ಕೇಳೋರಿಲ್ಲ" ಎಂದರು. ಅವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಇನ್ನೂ ಕೆಲವು ದಿನಗಳಾಗಿದ್ದುವಷ್ಟೆ; ಓದುವುದು ನಿಷಿದ್ಧವಾಗಿದ್ದಿತು. ಅದೂ ಅವರ ಅಸಮಾಧಾನಕ್ಕೆ ಒಂದು ಕಾರಣವಾಗಿರಬಹುದು. ಚೌಕಾಬಾರವೆಂಬ ಮಾತನ್ನು ಕೇಳಿ ಮೊಮ್ಮಗಳು ಎದ್ದು ನಿಂತಳು. ನಾವು ಅವಳ ಹಿಂದೆ ನಡೆದೆವು.

ಒಂದೇ ಕೋಣೆಯ ಕಟ್ಟಡ; ಮುಂದೆ ಸಣ್ಣ ಜಗಲಿ. ಬಾಗಿಲಿನ ಮೇಲೆ 'ಅರಿವು ಕೇಂದ್ರ' ಎಂಬ ಹಲಗೆ. ಗೋಡೆಯ ಮೇಲೆ ಮಕ್ಕಳೇ ಬರೆದ ನವಿಲು, ನೇಗಿಲು, ರಾಕೆಟ್ಟು ಒಂದರ ಪಕ್ಕದಲ್ಲೊಂದು. ಇನ್ನೊಂದು ಬಟ್ಟೆಯ ಫಲಕದ ಮೇಲೆ 'ಓದುವ ಬೆಳಕು' ಎಂದು ಬರೆದಿದ್ದಿತು. ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದಿ ನಮ್ಮ ಮುಖವನ್ನು ನೋಡಿದಳು. ಬಾಗಿಲ ಬಳಿ ಸಣ್ಣ ಸಣ್ಣ ಚಪ್ಪಲಿಗಳ ರಾಶಿ. ನಮ್ಮ ಬಾಲ್ಯದ ವಾಚನಾಲಯದ ಹೊಸ್ತಿಲಲ್ಲಿ ಅಂತಹ ರಾಶಿಯನ್ನು ನಾವು ಕಂಡಿರಲಿಲ್ಲ.

ಈ ಹಳ್ಳಿಯ ಗ್ರಂಥಾಲಯಗಳ ಪೂರ್ವಕಥೆಯನ್ನು ಎರಡು ಮಾತಿನಲ್ಲಿ ಹೇಳುವುದು ಆವಶ್ಯಕ. 1965ರಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಏರ್ಪಟ್ಟಿತು. ಮನೆಗಂದಾಯದ ಜೊತೆಯಲ್ಲಿ ನಾವು ನೀವೆಲ್ಲ ಸಲ್ಲಿಸುವ ಗ್ರಂಥಾಲಯ ಕರದ ಮೂಲವು ಅದೇ. ಕಾಲಕ್ರಮದಲ್ಲಿ ಹಳ್ಳಿಗಳಲ್ಲಿಯೂ ಗ್ರಂಥಾಲಯಗಳು ಹುಟ್ಟಿದುವು. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದುವು. 2020ರಲ್ಲಿ ಕೊರೋನಾ ಜಾಡ್ಯದಿಂದ ಶಾಲೆಗಳು ಮುಚ್ಚಿ, ಮಕ್ಕಳು ಅಕ್ಷರವನ್ನೇ ಮರೆಯುವ ಭಯ ಉಂಟಾದಾಗ, ಅದೇ ವರ್ಷದ ನವೆಂಬರಿನಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮವು ಆರಂಭವಾಯಿತು. ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಕಾಸಿಲ್ಲದೆ ಸದಸ್ಯತ್ವ ದೊರೆಯುವಂತಾಯಿತು. ರಾಜ್ಯದಲ್ಲಿ ಇಂತಹ ಗ್ರಾಮ ಗ್ರಂಥಾಲಯಗಳು 5,000ಕ್ಕೂ ಹೆಚ್ಚಾಗಿವೆ. ಆದರೆ ಸದಸ್ಯತ್ವದ ಚೀಟಿಯನ್ನು ಕೊಟ್ಟ ಮಾತ್ರಕ್ಕೆ ಮಕ್ಕಳು ಬರುತ್ತಾರೆಯೆ? ಅವರು ಹೇಗೆ ಬಂದರೆಂಬುದೇ ನಾವು ಅಲ್ಲಿ ಕಂಡ ಕೌತುಕ.

ಒಳಗೆ ಒಂದು ಮೂಲೆಯಲ್ಲಿ ಚೌಕಾಬಾರ ನಡೆಯುತ್ತಿದ್ದುದು ನಿಜ. ಎರಡು ಗುಂಪುಗಳು, ಮನೆಗಳನ್ನು ಸೀಮೆಸುಣ್ಣದಿಂದ ಬರೆದಿದ್ದರು. ಆದರೆ ಪ್ರತಿಯೊಂದು ಮನೆಯಲ್ಲಿಯೂ ಒಂದೊಂದು ಅಕ್ಷರವಿದ್ದಿತು. ಕವಡೆ ಬಿದ್ದಂತೆ ಕಾಯಿ ನಡೆಸಿ, ಆ ಅಕ್ಷರದಿಂದ ಮೊದಲಾಗುವ ಒಂದು ಮಾತನ್ನು ಹೇಳಬೇಕು. ಹೇಳಿದ ಮಾತನ್ನು ಮತ್ತೆ ಹೇಳಬಾರದು. 'ಳ'ಕಾರದ ಮನೆಗೆ ಬಂದ ಹುಡುಗನು ಪೇಚಾಡುತ್ತಿದ್ದನು, ಉಳಿದವರು ನಗುತ್ತಿದ್ದರು. ಸೋತವನು ಬೀರಿನಿಂದ ಒಂದು ಪುಸ್ತಕವನ್ನು ತಂದು ಒಂದು ಪುಟವನ್ನು ಎಲ್ಲರಿಗೂ ಓದಿ ಹೇಳಬೇಕೆಂಬುದು ನಿಯಮ. ಸೋಲುವುದಕ್ಕಾಗಿಯೇ ಆಡುವ ಮಕ್ಕಳೂ ಇದ್ದರೆಂದು ಸ್ವಲ್ಪ ಹೊತ್ತಿನಲ್ಲಿಯೇ ನಮಗೆ ತಿಳಿಯಿತು.

ಇನ್ನೊಂದು ಕಡೆ ನೆಲದ ಮೇಲೆ ದೊಡ್ಡ ಕಾಗದವನ್ನು ಹರಡಿ ಏಳೆಂಟು ಮಕ್ಕಳು ಊರಿನ ನಕ್ಷೆಯನ್ನು ಬರೆಯುತ್ತಿದ್ದರು. ಕೆರೆ, ಅರಳಿಕಟ್ಟೆ, ಹಾಲಿನ ಡೇರಿ, ಮಾರಿಗುಡಿ, ಕಬ್ಬಿನ ಗದ್ದೆ ಎಲ್ಲವೂ ಇದ್ದುವು. ಪ್ರತಿಯೊಂದು ಮಗುವೂ ತನ್ನ ಮನೆಯನ್ನು ಪಂಚಾಯತಿ ಕಚೇರಿಗಿಂತ ದೊಡ್ಡದಾಗಿ ಬರೆದಿದ್ದಿತು. ಅದನ್ನು ಕುರಿತು ವ್ಯಾಜ್ಯ ಹುಟ್ಟಿದಾಗ, ಒಬ್ಬ ಹುಡುಗಿಯು ಮನೆಯ ಉದ್ದವನ್ನು ಹೆಜ್ಜೆಯಿಂದ ಅಳೆದುಬರೋಣವೆಂದಳು. ಎಲ್ಲರೂ ಹೊರಕ್ಕೆ ಓಡಿದರು. ನಮ್ಮ ಮೊಮ್ಮಗಳೂ ಓಡಿದಳು. ಹಿಂದಿರುಗಿದಾಗ ಅವಳ ಕಾಲೆಲ್ಲ ಕೆಮ್ಮಣ್ಣು, ಕೈಯಲ್ಲಿ ಲೆಕ್ಕ ಬರೆದ ಚೀಟಿ. ಗಣಿತದ ಹೆಸರು ಕೇಳಿದರೆ ಹೊಟ್ಟೆನೋವೆನ್ನುವ ಮಗು ಅದು.

ಇದೆಲ್ಲದರ ನಡುವೆ ಓಡಾಡುತ್ತಿದ್ದ ಮೇಲ್ವಿಚಾರಕಿಯು ಸುಮಾರು ಮೂವತ್ತು ವರ್ಷದ ಹೆಣ್ಣುಮಗಳು. ಅದೇ ಊರಿನ ಸೊಸೆ. ಮಕ್ಕಳೆಲ್ಲ ಅವಳನ್ನು ಅಕ್ಕ ಎಂದು ಕರೆಯುತ್ತಿದ್ದರು. ನಮ್ಮನ್ನು ಕಂಡು ಕುರ್ಚಿಯನ್ನು ತಂದಿಟ್ಟಳು. ಗೋಡೆಯ ಪಕ್ಕದಲ್ಲಿ ಕಬ್ಬಿಣದ ಬೀರು ಎರಡು ಬಾಗಿಲುಗಳನ್ನೂ ಅಗಲವಾಗಿ ತೆರೆದುಕೊಂಡು ನಿಂತಿದ್ದಿತು. ಬೀಗದ ಕೈ ಒಬ್ಬ ಹುಡುಗನ ಕೊರಳಿನಲ್ಲಿ ದಾರದಿಂದ ತೂಗುತ್ತಿದ್ದಿತು. ವಾರಕ್ಕೊಬ್ಬ ಮಗು ಬೀರಿನ ಯಜಮಾನನಂತೆ. ಪುಸ್ತಕವನ್ನು ಕೊಡುವುದು, ತೆಗೆದುಕೊಳ್ಳುವುದು, ರಿಜಿಸ್ಟರಿನಲ್ಲಿ ಬರೆಯುವುದು ಎಲ್ಲವೂ ಅವನ ಕೆಲಸ.

ಪುಸ್ತಕಗಳು ಕಳೆದುಹೋಗುವುದಿಲ್ಲವೆ ಎಂದು ನಾವು ಕೇಳಿದೆವು. ನಮ್ಮ ಮನೆಯ ಬೀರಿನ ನೆನಪು ಬಾರದೆ ಇರಲಿಲ್ಲ. ಅವಳು ನಕ್ಕು ತನ್ನ ಕಥೆಯನ್ನು ಹೇಳಿದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳೂ ಬೀರಿಗೆ ಬೀಗ ಹಾಕಿಯೇ ಇಡುತ್ತಿದ್ದಳು. ಒಂದು ಪುಸ್ತಕ ಕಳೆದರೂ ಲೆಕ್ಕ ಕೊಡಬೇಕಾದವಳು ತಾನು ಎಂಬ ಭಯ. ಮಕ್ಕಳು ಬಂದು, ಗೋಡೆಯ ಚಿತ್ರಗಳನ್ನು ನೋಡಿ, ಹೊರಟುಹೋಗುತ್ತಿದ್ದರು. ಒಂದು ದಿನ ಮಕ್ಕಳನ್ನು ಕೂರಿಸಿಕೊಂಡು, ಹಳೆಯ ಒಗಟು ಬೇಡ, ಈ ಕೋಣೆಯೊಳಗಿನ ವಸ್ತುಗಳ ಮೇಲೆ ನೀವೇ ಹೊಸ ಒಗಟು ಕಟ್ಟಿರಿ ಎಂದಳು. ಹೀಗೆ ಗಡಿಯಾರ, ಕುರ್ಚಿ, ಪೊರಕೆ ಎಲ್ಲದರ ಮೇಲೆಯೂ ಒಗಟುಗಳು ಹುಟ್ಟಿದುವು. ಕಡೆಗೆ ಹಿಂದೆ ಕುಳಿತಿದ್ದ ಒಬ್ಬ ಹುಡುಗ ಎದ್ದು, "ಹೊಟ್ಟೆ ತುಂಬ ಊಟ ಐತೆ, ಹುಟ್ಟಿದಾಗಿಂದ ಉಪವಾಸ. ಏನೇಳಕ್ಕ?" ಎಂದನಂತೆ. ಯಾರಿಗೂ ಹೊಳೆಯಲಿಲ್ಲ. ಅವನು ಬೀಗ ಹಾಕಿದ ಬೀರಿನ ಕಡೆಗೆ ಬೆರಳು ಮಾಡಿದನು.

"ಅವತ್ತು ರಾತ್ರಿ ನಂಗೆ ನಿದ್ದೆ ಬರಲಿಲ್ಲ ಸಾರ್" ಎಂದಳು ಆ ಹೆಣ್ಣುಮಗಳು. ಮಾರನೆಯ ದಿನವೇ ಬೀಗವನ್ನು ತೆಗೆದಳು. ಮೊದಲ ವರ್ಷ ನಾಲ್ಕು ಪುಸ್ತಕಗಳು ಕಾಣೆಯಾದುವು. ಅವುಗಳಲ್ಲಿ ಎರಡು ಯುಗಾದಿಗೆ ಮನೆಗಳನ್ನು ಸುಣ್ಣ ಹೊಡೆಯುವಾಗ ಅಟ್ಟದ ಮೇಲೆ ಸಿಕ್ಕಿ ಹಿಂದಿರುಗಿದುವು. ಹೋದ ಎರಡಕ್ಕೆ ತಾನೇ ಹಣ ಕಟ್ಟಿದಳು. "ಎರಡು ಪುಸ್ತಕ ಹೋದ್ವು, ಊರಿನ ಮಕ್ಕಳು ಬಂದ್ರು. ನಷ್ಟ ಯಾರಿಗೆ ಹೇಳಿ" ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯವು ಪುಸ್ತಕವಿರುವುದು ಬಳಸುವುದಕ್ಕೆ ಎಂಬುದು. ಹಿಂದಿನ ಕಾಲದಲ್ಲಿ ಯೂರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಣಿಯಿಂದ ಕಪಾಟಿಗೆ ಬಿಗಿಯುತ್ತಿದ್ದರೆಂಬುದನ್ನು ಅವರು ಆ ಸಂದರ್ಭದಲ್ಲಿ ವಿವರಿಸಿದ್ದಾರೆ. ತಮ್ಮ ಕಡೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿಯೇ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಹೆಸರನ್ನು ನಾವು ಆ ಮೇಲ್ವಿಚಾರಕಿಗೆ ಹೇಳಿದಾಗ, ಅವರ ಭಾವಚಿತ್ರವನ್ನು ಗೋಡೆಯ ಮೇಲೆ ತೋರಿಸಿ, ತರಬೇತಿಯಲ್ಲಿ ಅವರ ವಿಷಯ ಹೇಳಿದ್ದರೆಂದಳು. ಸೂತ್ರವು ಅವಳಿಗೆ ಮೊದಲೇ ತಿಳಿದಿದ್ದಿತು. ಅದು ಮನಸ್ಸಿಗೆ ಹತ್ತಿದುದು ಒಬ್ಬ ಹುಡುಗನ ಒಗಟಿನಿಂದ.

ಬೀರಿನ ಮೇಲಿನ ತಟ್ಟೆಯಲ್ಲಿ ಹರಿದ ಪುಸ್ತಕಗಳದೊಂದು ಕಟ್ಟಿದ್ದಿತು. ಮಕ್ಕಳು ಅದನ್ನು ಪುಸ್ತಕದ ಆಸ್ಪತ್ರೆ ಎನ್ನುತ್ತಿದ್ದರು. ಶನಿವಾರ ಮಧ್ಯಾಹ್ನ ಅದರ ಚಿಕಿತ್ಸೆ. ಮೈದಾಹಿಟ್ಟನ್ನು ನೀರಿನಲ್ಲಿ ಕಲಸಿ, ಗಂಟಾಗದಂತೆ ಕಾಯಿಸಿ ಅಂಟು ಮಾಡುತ್ತಾರೆ. ಹುಳು ಬೀಳದಿರಲೆಂದು ಅದಕ್ಕೆ ಚಿಟಿಕೆಯಷ್ಟು ಮೈಲುತುತ್ತವನ್ನು ಹಾಕುವ ವಾಡಿಕೆಯುಂಟು. ಅದು ವಿಷವಾದುದರಿಂದ ಅಕ್ಕನೇ ತನ್ನ ಕೈಯಿಂದ ಹಾಕಿ, ಮಕ್ಕಳು ಕೈ ತೊಳೆಯುವವರೆಗೆ ಬಿಡುವುದಿಲ್ಲ. ತೆಳುವಾದ ಕಾಗದದ ಪಟ್ಟಿಯನ್ನು ಹರುಕಿನ ಮೇಲೆ ಹಚ್ಚಿ, ಮೇಲೆ ಭಾರವನ್ನಿಟ್ಟು ಒಣಗಿಸುತ್ತಾರೆ. ಹೆಚ್ಚು ಹರಿದ ಪುಸ್ತಕವೇ ಹೆಚ್ಚು ಪ್ರೀತಿಯ ಪುಸ್ತಕವೆಂದು ಅಲ್ಲಿಯ ಲೆಕ್ಕ. ತಾನೇ ಅಂಟು ಹಚ್ಚಿದ ಪುಸ್ತಕವನ್ನು ಯಾವ ಮಗುವೂ ಎಸೆಯುವುದಿಲ್ಲವೆಂದು ಅವಳು ಹೇಳಿದುದರಲ್ಲಿ ಬಹಳ ಅರ್ಥವಿದ್ದಿತು.

ಇಷ್ಟನ್ನೆಲ್ಲ ನೋಡಿ ಮುಗಿಯಿತೆಂದು ನಾವು ಏಳುವಷ್ಟರಲ್ಲಿ, ಹನ್ನೆರಡು ವರ್ಷದ ಹುಡುಗಿಯೊಬ್ಬಳು ಕೈಯಿಂದ ಹೊಲಿದ ಪುಸ್ತಕವೊಂದನ್ನು ತಂದು ತೋರಿಸಿದಳು. ನಕ್ಷೆಯನ್ನು ಹೆಜ್ಜೆಯಿಂದ ಅಳೆಯೋಣವೆಂದವಳು ಇವಳೇ. ಶಾಲೆಯಿಲ್ಲದ ದಿನಗಳಲ್ಲಿ ಬೆಳಗ್ಗೆ ಕುರಿ ಕಾಯುವುದು ಇವಳ ಕೆಲಸ. ಪುಸ್ತಕವನ್ನು ಸೆರಗಿನಂತೆ ದುಪಟ್ಟಿಯಲ್ಲಿ ಕಟ್ಟಿಕೊಂಡು ಹೋಗುತ್ತಾಳೆ. ಒಮ್ಮೆ ಕುರಿಯೊಂದು ಪುಸ್ತಕದ ಹೊದಿಕೆಯನ್ನು ತಿಂದುಬಿಟ್ಟಿತೆಂದು ರಿಜಿಸ್ಟರಿನಲ್ಲಿ ಬರೆದಿದೆ. ಈ ಪುಸ್ತಕವಾದರೋ ಅವಳೇ ಬರೆದುದು. ಬೇಸಗೆಯ ಶಿಬಿರದಲ್ಲಿ ಪ್ರತಿಯೊಂದು ಮಗುವೂ ತನ್ನ ಮನೆಯ ಹಿರಿಯರಿಂದ ಒಂದು ಕಥೆಯನ್ನು ಕೇಳಿ, ಬರೆದು, ಚಿತ್ರ ಹಾಕಿ, ಹೊಲಿದು ಬೀರಿಗೆ ಸೇರಿಸಬೇಕೆಂದು ಅಕ್ಕ ಹೇಳಿದ್ದಳು. ಈ ಹುಡುಗಿಯ ಅಜ್ಜಿ ಹೇಳಿದ್ದು ಸಿದ್ದಪ್ಪಾಜಿಯು ಹಲಗೂರಿಗೆ ಹೋದ ಕಥೆ.

ಬಸ್ಸಿನಲ್ಲಿ ಕೇಳಿದ ಹೆಸರನ್ನು ಮೊಮ್ಮಗಳು ಕೂಡಲೆ ಹಿಡಿದುಕೊಂಡಳು. ಕುಲುಮೆ ಎಂದರೇನು, ತಿದಿ ಎಂದರೇನು, ಅಡಿಗಲ್ಲು ಎಂದರೇನು ಎಂದು ಒಂದರ ಮೇಲೊಂದು ಪ್ರಶ್ನೆ. ಪಟ್ಟಣದ ಮಗುವಿಗೆ ಈ ಮಾತುಗಳು ಅಪರಿಚಿತವಾಗಿದ್ದುವು. ಹುಡುಗಿಯು ಬಾಯಿಂದ ಹೇಳಲಾರದೆ, ಕಾಗದವನ್ನು ಮಡಿಸಿ ತಿದಿಯನ್ನು ಮಾಡಿ, ಹಿಚುಕಿ ಗಾಳಿ ಬಿಟ್ಟು ತೋರಿಸಿದಳು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ನೆಲದ ಮೇಲೆ ಬೋರಲು ಮಲಗಿ, ಆ ಪುಸ್ತಕದ ಖಾಲಿ ಪುಟಕ್ಕೆ ಕುಲುಮೆಯ ಚಿತ್ರವನ್ನು ಬರೆಯುತ್ತಿದ್ದರು. ಬಸ್ಸಿನ ಕಿಟಕಿಯಿಂದ ಕಾಣದ ಕಬ್ಬಿಣವು ಮೊಮ್ಮಗಳಿಗೆ ಇಲ್ಲಿ ಕಂಡಿತು.

ಸಂಜೆ ಆ ಅಜ್ಜಿಯನ್ನೇ ನೋಡಲು ಅವಳ ಮನೆಗೆ ಹೋದೆವು. ಜಗಲಿಯ ಮೇಲೆ ಕುಳಿತು ಅವರೆಕಾಳನ್ನು ಆರಿಸುತ್ತಿದ್ದಳು. "ಓದಾಕ್ ಬರಾಕಿಲ್ಲ ಕಣಪ್ಪ ನಂಗೆ. ಕತೆ ಬೇಕಾದ್ರೆ ಬೆಳಗಾಗೋಗಂಟ ಯೋಳ್ತೀನಿ" ಎಂದಳು. ಮೊಮ್ಮಗಳು ಪುಸ್ತಕವನ್ನು ಓದಿ ಹೇಳಿದಾಗ ಅಜ್ಜಿಯು ಎರಡು ಕಡೆ ತಡೆದಳಂತೆ. ಒಂದು ಕಡೆ ಹೆಸರು ತಪ್ಪಿದ್ದಿತು. ಇನ್ನೊಂದು ಕಡೆ ಹುಡುಗಿಯು ಒಂದು ಪರೀಕ್ಷೆಯನ್ನೇ ಬಿಟ್ಟಿದ್ದಳು. ಎರಡನ್ನೂ ಅಂಚಿನಲ್ಲಿ ಬರೆದು ಸೇರಿಸಿದ್ದುದು ನಮಗೂ ಕಂಡಿತು. ಒಂದು ಅಕ್ಷರವನ್ನೂ ಅರಿಯದ ಮುದುಕಿಯು ಪುಸ್ತಕವನ್ನು ತಿದ್ದಿದ್ದಳು!

ಕಡೆಯ ಪುಟದಲ್ಲಿ, ಕಥೆ ಹೇಳಿದವರು ಎಂಬ ಮಾತಿನ ಮುಂದೆ ಅವಳ ಹೆಸರಿದ್ದಿತು. "ಇದ್ರಾಗೆ ನನ್ನೆಸರು ಎಲ್ಲೈತವ್ವ?" ಎಂದು ಕೇಳಿದಳು. ಹುಡುಗಿಯು ಅಜ್ಜಿಯ ಬೆರಳನ್ನು ಹಿಡಿದು ಅಕ್ಷರಗಳ ಮೇಲೆ ಎಳೆದಳು. ಅಜ್ಜಿಯು ಇನ್ನೊಮ್ಮೆ ತಾನೇ ಬೆರಳನ್ನು ಎಳೆದುಕೊಂಡಳು. ಮತ್ತೆ ಏನೂ ಹೇಳದೆ ಕಾಳನ್ನು ಆರಿಸುವುದಕ್ಕೆ ತೊಡಗಿದಳು. ಬರುವಾಗ ನಮ್ಮ ಮನೆಯವರು ಮಾತನಾಡಲಿಲ್ಲ. ಅವರ ತಾಯಿಗೂ ಓದು ಬರುತ್ತಿರಲಿಲ್ಲ, ಅವರಿಗೂ ನೂರಾರು ಕಥೆಗಳು ಬರುತ್ತಿದ್ದುವು. ಅವುಗಳಲ್ಲಿ ಒಂದನ್ನೂ ಯಾರೂ ಬರೆದಿಡಲಿಲ್ಲ.

ಎಲ್ಲವೂ ಅಲ್ಲಿ ಸರಿಯಾಗಿದೆಯೆಂದು ಹೇಳಿದರೆ ಸುಳ್ಳಾದೀತು. ಕೋಣೆ ಒಂದೇ, ಮಳೆ ಬಂದರೆ ಒಂದು ಮೂಲೆ ಸೋರುತ್ತದೆ. ಮನೆಮನೆಯಿಂದ ಪುಸ್ತಕಗಳನ್ನು ಬೇಡಿ ತರುವ 'ಪುಸ್ತಕ ಜೋಳಿಗೆ' ಎಂಬ ಒಳ್ಳೆಯ ಪದ್ಧತಿಯುಂಟು. ಆದರೆ ದಾನಿಗಳು ಅದರಲ್ಲಿ ಹಾಕಿದುದು ಬಹುಮಟ್ಟಿಗೆ ಹಳೆಯ ಪರೀಕ್ಷೆಗಳ ಗೈಡುಗಳು. ಮನೆಯಲ್ಲಿ ಬೇಡವಾದುದು ಮಕ್ಕಳಿಗೆ ಬೇಕಾದೀತೆ? ಕೊಡುವವರು ತಾವು ಬಾಲ್ಯದಲ್ಲಿ ಪ್ರೀತಿಸಿದುದನ್ನು ಕೊಟ್ಟರೆ ಚೆನ್ನ. ಮಕ್ಕಳ ಚಿತ್ರಪುಸ್ತಕಗಳು ಒಂದು ತಟ್ಟೆಯಷ್ಟು ಮಾತ್ರ ಇದ್ದುವು. ಅವೆಲ್ಲವೂ ಆಸ್ಪತ್ರೆಗೆ ಹೋಗಿ ಬಂದುವೇ. ಇನ್ನು, ಆ ಹನ್ನೆರಡು ವರ್ಷದ ಹುಡುಗಿಯನ್ನು ಎಷ್ಟು ದಿನ ಕಳುಹಿಸುವರೆಂಬುದು ಅವಳ ಅಕ್ಕನ ದೊಡ್ಡ ಚಿಂತೆ. ದೊಡ್ಡವಳಾದ ಮೇಲೆ ಹುಡುಗರಿರುವ ಕಡೆಗೆ ಏಕೆ ಎಂದು ತಂದೆ ಆಗಲೇ ಕೇಳಿದ್ದನಂತೆ. ಅಜ್ಜಿಯ ಹೆಸರು ಪುಸ್ತಕದಲ್ಲಿ ಬಂದ ಮೇಲೆ ಆ ಮಾತನ್ನು ಮತ್ತೆ ಎತ್ತಿಲ್ಲವೆಂದು ತಿಳಿಯಿತು.

ಆ ರಾತ್ರಿ ಊಟಕ್ಕೆ ಮೊದಲು ಒಬ್ಬ ಹುಡುಗನು ಬಂದು ಭಾವನವರ ಪಕ್ಕದಲ್ಲಿ ಕುಳಿತು ಪತ್ರಿಕೆಯನ್ನು ಬಿಡಿಸಿದನು. ಕೊರಳಿನಲ್ಲಿ ಬೀರಿನ ಕೀಲಿ ಇನ್ನೂ ತೂಗುತ್ತಿದ್ದಿತು. ಕಣ್ಣು ಕಾಣದ ಹಿರಿಯರಿಗೆ ಪತ್ರಿಕೆ ಓದುವುದೂ ಗ್ರಂಥಾಲಯದ ಮಕ್ಕಳು ಕೈಗೊಂಡ ಕೆಲಸಗಳಲ್ಲೊಂದು. 'ಅನುಷ್ಠಾನ' ಎಂಬಲ್ಲಿ ಅವನು ಎಡವಿದನು, ಭಾವನವರು ತಿದ್ದಿದರು. ಕ್ರಿಕೆಟ್ಟಿನ ಸುದ್ದಿಯನ್ನು ಅವನು ಅಷ್ಟು ವೇಗವಾಗಿ ಓದಿದುದಕ್ಕೆ ಗದರಿಸಿದರು. ಹುಡುಗ ಹೋದ ಮೇಲೆ ನಾವು ಅವರ ಮುಖವನ್ನು ನೋಡಿದೆವು. "ಆಟ ಆಡ್ಕೊಳ್ಳಲಿ ಬಿಡಿ, ಪೇಪರಿನ ಹೊತ್ತಿಗೆ ಬಂದರೆ ಸರಿ" ಎಂದರು. ಅದಕ್ಕಿಂತ ದೊಡ್ಡ ಪ್ರಶಂಸೆ ಅವರ ಬಾಯಿಂದ ಬರುವಂತಿರಲಿಲ್ಲ.

ಎರಡು ದಿನಗಳಿಗೆಂದು ಹೋದವರು ಆರು ದಿನ ಇದ್ದೆವು. ಊರಿಗೆ ಹೊರಡುವ ಬೆಳಗ್ಗೆ ಮೊಮ್ಮಗಳು ಆ ಹುಡುಗಿಗೆ ಏನು ಕೊಟ್ಟಳೋ, ಇವಳು ಏನು ಪಡೆದಳೋ ನಮಗೆ ಹೇಳಲಿಲ್ಲ. ಬಸ್ಸಿನಲ್ಲಿ ಅವಳ ಮುಷ್ಟಿಯಲ್ಲಿ ಕಾಗದದ ತಿದಿಯೊಂದು ಕಂಡಿತು.

ಬೆಂಗಳೂರಿಗೆ ಬಂದು ಕಾಲು ತೊಳೆದೊಡನೆ ನಾವು ಮಾಡಿದ ಮೊದಲನೆಯ ಕೆಲಸ ಬೀರಿನ ಬೀಗದ ಕೈಯನ್ನು ಹುಡುಕುವುದು. ಅದು ಸಿಕ್ಕುವುದಕ್ಕೆ ಎರಡು ಗಂಟೆ ಹಿಡಿಯಿತು. ಬೀಗ ತಿರುಗಲೊಲ್ಲದು, ಮನೆಯವರು ಕೊಬ್ಬರಿ ಎಣ್ಣೆಯನ್ನು ಬಿಟ್ಟರು. ಬಾಗಿಲು ತೆರೆದಾಗ ಮಗು ಕೆಳಗಿನ ತಟ್ಟೆಯಿಂದ ಒಂದು ಪುಸ್ತಕವನ್ನು ಎಳೆದಳು. ಹೊದಿಕೆ ಚೆನ್ನಾಗಿಯೇ ಇದ್ದಿತು. ಒಳಗೆ ಪುಟಗಳನ್ನೆಲ್ಲ ಹುಳು ಕೊರೆದು ಜರಡಿ ಮಾಡಿದ್ದಿತು. ಅದರ ಪಕ್ಕದ ಮೂರು ಪುಸ್ತಕಗಳ ಗತಿಯೂ ಅಷ್ಟೆ. ಮಕ್ಕಳ ಕೈಯಿಂದ ಹಾಳಾದೀತೆಂದು ನಾವು ಬೀಗ ಹಾಕಿದ್ದ ಪುಸ್ತಕಗಳು!

"ತಾತ, ನಿಮ್ಮ ಬೀರು ಉಪವಾಸ ಇರಲಿಲ್ಲ" ಎಂದಳು ಮಗು, ಬೆರಳಿನಿಂದ ಪುಡಿಯನ್ನು ಒರಸುತ್ತ. ನಾವು ನಗಲೂ ಆರದೆ, ನಗದೆ ಇರಲೂ ಆರದೆ ನಿಂತೆವು.

ಉಳಿದವನ್ನೆಲ್ಲ ಹೊರಕ್ಕೆ ತೆಗೆದು ನೆರಳಿನಲ್ಲಿ ಹರಡಿದೆವು. ಮೈದಾಹಿಟ್ಟಿನ ಅಂಟು ಅಡಿಗೆಮನೆಯಲ್ಲಿ ಬೆಂದಿತು. ಅಜ್ಜಿ ಮೊಮ್ಮಗಳು ಕೂಡಿ ನಾಲ್ಕು ದಿನ ಆಸ್ಪತ್ರೆ ನಡೆಸಿದರು. ಕೆಲಸದ ನಡುವೆ ಅಜ್ಜಿಯು ತನ್ನ ತಾಯಿಯಿಂದ ಕೇಳಿದ ಕಥೆಗಳಲ್ಲಿ ನೆನಪಿದ್ದಷ್ಟನ್ನು ಹೇಳಿದಳು. ಮೊಮ್ಮಗಳು ಹಳೆಯ ಲೆಕ್ಕದ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆದಳು. ಮೊಬೈಲು ಫೋನು ಸಂಪೂರ್ಣವಾಗಿ ಬಿಟ್ಟುಹೋಯಿತೆಂದು ಹೇಳಿದರೆ ವಾಚಕರು ನಂಬಲಾರರು, ನಾವೂ ಹೇಳುವುದಿಲ್ಲ. ಆದರೆ ಅವಳ ಮುಖ ನಮಗೆ ಕಾಣಿಸತೊಡಗಿತು. ಹಳ್ಳಿಗೆ ಕಳುಹಿಸಲೆಂದು ಚಿತ್ರಪುಸ್ತಕಗಳದೊಂದು ಕಟ್ಟನ್ನು ಅವಳೇ ಆರಿಸಿ ಕಟ್ಟಿದಳು. ಗೈಡುಗಳನ್ನು ಹಾಕಬಾರದೆಂದು ನಮಗೆ ಎಚ್ಚರಿಕೆಯನ್ನೂ ಕೊಟ್ಟಳು.

ನಮ್ಮ ವಾಚಕರಲ್ಲಿ ಹಲವರು ಗ್ರಂಥಾಲಯ ಕರವನ್ನು ಪ್ರತಿವರ್ಷವೂ ಸಲ್ಲಿಸುವವರು. ತಮ್ಮ ಊರಿನ, ತಮ್ಮ ಬಡಾವಣೆಯ ಗ್ರಂಥಾಲಯವು ಎಲ್ಲಿದೆಯೆಂಬುದನ್ನು ಈ ರಜದಲ್ಲಿ ಒಮ್ಮೆ ಮಕ್ಕಳ ಕೈ ಹಿಡಿದು ಹೋಗಿ ನೋಡಬೇಕೆಂದು ಪ್ರಾರ್ಥಿಸುತ್ತೇವೆ. ಅಲ್ಲಿ ಬೀರಿಗೆ ಬೀಗವಿದ್ದರೆ ವಿನಯದಿಂದ ಕೇಳಿ ತೆಗೆಸಬಹುದು. ಅದಕ್ಕೆ ಮೊದಲು ಮನೆಯ ಬೀಗವನ್ನು ತೆಗೆದಿರುವುದು ಒಳ್ಳೆಯದು.

ಮೊಮ್ಮಗಳು ಈಗ ತನ್ನ ಊರಿಗೆ ಹೋಗಿದ್ದಾಳೆ. ಬೀರಿನ ಕೀಲಿಯು ಮಕ್ಕಳ ಕೈಗೆ ಎಟಕುವ ಮೊಳೆಯೊಂದರ ಮೇಲೆ ತೂಗುತ್ತಿದೆ. ಪಕ್ಕದ ಮನೆಯ ಇಬ್ಬರು ಹುಡುಗರು ಅದನ್ನು ಆಗಲೇ ಕಂಡುಹಿಡಿದಿದ್ದಾರೆ. ಬೀರಿನೊಳಗೆ ಒಂದು ರಿಜಿಸ್ಟರು ಉಂಟು. ಅದರ ಮೊದಲನೆಯ ಸಾಲಿನಲ್ಲಿ ಅವಳು ಕೊಂಡೊಯ್ದ ಎರಡು ಪುಸ್ತಕಗಳ ಹೆಸರನ್ನು ದುಂಡಾದ ಅಕ್ಷರಗಳಲ್ಲಿ ಬರೆದಿದ್ದಾಳೆ. ಹಿಂದಿರುಗಿಸುವ ತಾರೀಖು ಎಂಬಲ್ಲಿ 'ದಸರಾ ರಜ' ಎಂದಿದೆ.